ಕ್ಯಾಲೆಂಡರ್ ಹಿಂದಿನ ಲೆಕ್ಕ

ಬೆಳಿಗ್ಗೆ ಸರ್ವೆಗೆ ಒಂದು ಹುಡುಗಿ ಬಂದಿದ್ಲು. ಮನೆ ಒಟ್ಟು ಆದಾಯ ಎಷ್ಟು ಅಂದ್ಲು. ಅಪ್ಪ ಕೂತಲ್ಲಿಂದ್ಲೇ ಒಂದು ನಂಬರ್ ಹೇಳಿದ್ರು, ಅವ್ಳು ಬರ್ಕೊಂಡ್ಲು, ಮುಗೀತು.

ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ರು. ಸೀರೆಗೆ ಫಾಲ್ ಹಾಕ್ತಾರೆ, ಕುಚ್ಚು ಕಟ್ತಾರೆ, ಅದರ ಲೆಕ್ಕ ಎಲ್ಲ ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲಲ್ಲಿ ಇರುತ್ತೆ, ಫಾಲ್ 80, ಕುಚ್ಚು 250, ದುಡ್ಡು ಬಂದ್ರೆ ಟಿಕ್, ಬಾಕಿ ಇದ್ರೆ ಸುತ್ತ ಒಂದು ಗೋಲ. ಅಪ್ಪ ಹೇಳಿದ ನಂಬರಲ್ಲಿ ಅದ್ಯಾವ್ದೂ ಇರ್ಲಿಲ್ಲ. ಬೇಕಂತ ಬಿಟ್ಟಿದ್ದಲ್ಲ, ನೆನಪೇ ಆಗಿಲ್ಲ. ನಂಗೆ ಜಾಸ್ತಿ ನೋವಾಗಿದ್ದು ಅದೇ.

ನಮ್ಮ ಬೆಂಗಳೂರು ಐಐಎಂನ ಹೇಮಾ ಸ್ವಾಮಿನಾಥನ್, ದೀಪಕ್ ಮಳಘನ್ 45 ದೇಶಗಳ 28 ಲಕ್ಷಕ್ಕೂ ಹೆಚ್ಚು ಮನೆಗಳ ಡೇಟಾ ಇಟ್ಕೊಂಡು ಇದನ್ನೇ ನೋಡಿದಾರೆ, ಮನೆ ಅಂತ ಒಟ್ಟಿಗೆ ಎಣಿಸದೆ ಗಂಡನ ದುಡಿಮೆ ಎಷ್ಟು ಹೆಂಡತಿದು ಎಷ್ಟು ಅಂತ ಬೇರೆಬೇರೆ. 1973ರಿಂದ 2016ರ ಒಳಗೆ ಅಸಮಾನತೆ ಸುಮಾರು ಶೇ. 20 ಇಳಿದಿದೆ ಅಷ್ಟೇ. ನಲವತ್ತು ವರ್ಷಕ್ಕೆ!

ಆ ಹುಡುಗಿ ಹೋದ್ಮೇಲೆ ಅಮ್ಮನ್ನ ಕೂರಿಸ್ಕೊಂಡು ಜನವರಿಯಿಂದ ಎಲ್ಲ ಹಾಳೆ ತಿರುಗಿಸಿ ಕೂಡಿಸಿದ್ವಿ. 31,460.

ಅಮ್ಮ ನಂಬ್ಲಿಲ್ಲ, ಇನ್ನೊಂದ್ಸಲ ಕೂಡಿಸು ಅಂದ್ರು.