ಗಂಗಾವತಿಯ ಗದ್ದೆಗಳಲ್ಲಿ ಸ್ನೈಪ್ ನೋಡಲು ಹೊರಟವರಿಗೆ

ವುಡ್‌ಕಾಕ್ ನೋಡಬೇಕೆಂದು ಬಯಲುಸೀಮೆಗೆ ಬರಬೇಡಿ. ಹಿಮಾಲಯದ ಕಾಡಿನಲ್ಲಿ ಮರಿಮಾಡುವ ಆ ಹಕ್ಕಿಗೆ ಚಳಿಗಾಲದಲ್ಲೂ ನೀಲಗಿರಿಯಂತಹ ತಂಪು ಕಾಡೇ ಬೇಕು. ಅದರ ಹತ್ತಿರದ ನೆಂಟ, ಕೆಸರಲ್ಲಿ ಮೇಯುವ ಉದ್ದ ಕೊಕ್ಕಿನ ಸ್ನೈಪ್ ಹಕ್ಕಿ ಮಾತ್ರ ದೂರದ ಉತ್ತರದಿಂದ ಹಾರಿ ಕೊಪ್ಪಳ ಜಿಲ್ಲೆಯ ಭತ್ತದ ಗದ್ದೆಗೇ ಬಂದಿಳಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಹೊಸಪೇಟೆಯಿಂದ ಗಂಗಾವತಿಗೆ ಬಸ್ಸುಗಳಿಗೆ ಕೊರತೆಯಿಲ್ಲ, ರೈಲು ನಿಲ್ದಾಣವೂ ಇದೆ. ಹಿಂದಿನ ರಾತ್ರಿಯೇ ಬಂದು ತಂಗಿ, ನಸುಕಿನಲ್ಲಿ ಆನೆಗೊಂದಿ ರಸ್ತೆ ಹಿಡಿಯಿರಿ. ಹೊರಡುವ ಮುನ್ನ ಕಾಲುವೆಯಲ್ಲಿ ನೀರಿದೆಯೇ ಎಂದು ವಿಚಾರಿಸಲೇಬೇಕು. ತುಂಗಭದ್ರಾ ಜಲಾಶಯದ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ಮೇಲೆ ಎರಡನೇ ಬೆಳೆಯ ನೀರನ್ನು ಲೆಕ್ಕಕ್ಕೆ ಹಿಡಿದು ಬರುವಂತಿಲ್ಲ. ಎಡದಂಡೆ ಕಾಲುವೆಯ ಜೊತೆಗೆ ಈ ಭಾಗದಲ್ಲಿ ವಿಜಯನಗರ ಕಾಲದ ಹಳೆಯ ಕಾಲುವೆಗಳೂ ಇವೆ. ಎರಡರ ಬಗ್ಗೆಯೂ ಕೇಳಿ.

ಎತ್ತರಕ್ಕೆ ಬೆಳೆದ ಪೈರಿನಲ್ಲಿ ಹುಡುಕುವುದು ವ್ಯರ್ಥ. ಕೊಯ್ಲಾಗಿಯೂ ಕೆಸರು ಆರದ ಗದ್ದೆ, ನಾಟಿಗೆ ಹದ ಮಾಡಿದ ಮಡಿ, ಬಸಿಗಾಲುವೆಯ ಅಂಚು, ಇಷ್ಟನ್ನು ನೋಡಿದರೆ ಸಾಕು. ಬದುವಿನ ಮೇಲೆ ಸುಮ್ಮನೆ ನಿಲ್ಲಿ. ಒಣಹುಲ್ಲಿನ ಬಣ್ಣದ ಗೆರೆಗಳು ಬೆನ್ನ ಮೇಲಿರುವುದರಿಂದ ಕೂಳೆಗಳ ನಡುವೆ ಹಕ್ಕಿ ಮೊದಲು ಕಾಣುವುದೇ ಇಲ್ಲ. ತಲೆ ಅಲುಗಿದಾಗ ಮಾತ್ರ ಗೊತ್ತಾಗುತ್ತದೆ. ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಕೆಸರಿಗೆ ಇಳಿದು ಏಳುತ್ತಿರುತ್ತದೆ. ಉಳಿದ ಭಾಗ ಮುಚ್ಚಿದ್ದರೂ ಕೊಕ್ಕಿನ ತುದಿಯೊಂದೇ ಕೆಸರಿನೊಳಗೆ ತೆರೆದು ಹುಳು ಹಿಡಿಯಬಲ್ಲದು! ಕಣ್ಣುಗಳು ತಲೆಯ ಹಿಂಬದಿಗೆ ಸರಿದಿರುವುದರಿಂದ ಮೇಯುವಾಗಲೂ ಅದು ನಿಮ್ಮನ್ನು ನೋಡುತ್ತಲೇ ಇರುತ್ತದೆ.

ಫೋಟೊಗಾಗಿ ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಕಾಲ ಬಳಿಯಿಂದಲೇ ಚಿಮ್ಮಿ ಅಂಕುಡೊಂಕಾಗಿ ಹಾರಿಹೋಗುತ್ತದೆ, ಮೇವು ಅಲ್ಲಿಗೆ ನಿಂತಿತು. ಸಾವಿರಾರು ಮೈಲಿ ಹಾರಿ ಬಂದು ಮತ್ತೆ ಅಷ್ಟೇ ದೂರ ಹಿಂದಿರುಗಬೇಕಾದ ಜೀವಕ್ಕೆ ಅದು ಸಣ್ಣ ನಷ್ಟವಲ್ಲ. ತಾನಾಗಿ ಎದ್ದರೆ ರೆಕ್ಕೆಯ ಹಿಂದಿನ ಅಂಚು ಗಮನಿಸಿ: ಎದ್ದು ಕಾಣುವ ಬಿಳಿ ಗೆರೆ ಇದ್ದರೆ ಸಾಮಾನ್ಯ ಸ್ನೈಪ್, ಇಲ್ಲದಿದ್ದರೆ ಬಹುತೇಕ ಪಿನ್‌ಟೇಲ್ ಸ್ನೈಪ್. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಯಾರಾದರೂ ಹಕ್ಕಿ ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ಗದ್ದೆಗೆ ಇಳಿಯುವ ಮೊದಲು ರೈತರನ್ನು ಕೇಳಿ. "ಬದು ತುಳಿದು ಕೆಡಿಸಬೇಡಿ ಅಣ್ಣ, ಉಳಿದಂತೆ ಎಷ್ಟು ಹೊತ್ತಾದರೂ ನೋಡಿ" ಎಂದಿದ್ದರು ಒಬ್ಬರು. ಬಿಸಿಲೇರಿದ ಮೇಲೆ ಹಕ್ಕಿ ಅಡಗುತ್ತದೆ. ಆಗ ಗಂಗಾವತಿಗೆ ಮರಳಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ವಿಶ್ರಮಿಸಿ, ಸಂಜೆ ನಾಲ್ಕರ ಬಳಿಕ ಮತ್ತೆ ಹೊರಡಿ.