ಟೈಮ್‌ಟೇಬಲ್ ಬರೆದವಳು ನಾನೇ

ಆ ಸಂಜೆಯ ಸಭೆಗೆ ನಾನು 14 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಐದನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಫೋನ್ ತೆಗೆದಿದ್ದರು. ಅವರ ತಪ್ಪೇನಿಲ್ಲ ಬಿಡಿ. ಸಂಜೆ ಆರೂವರೆ, ಮಕ್ಕಳು ಮಧ್ಯಾಹ್ನ ಊಟ ಮಾಡುವ ಹಾಲ್, ಮಕ್ಕಳ ಅಳತೆಯ ಬೆಂಚು. ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು.

ನಾನು ಕ್ಯಾಲಿಫೋರ್ನಿಯಾದ ಒಂದು ಚಾರ್ಟರ್ ಸ್ಕೂಲಿನಲ್ಲಿ ರಿಸೋರ್ಸ್ ಟೀಚರ್. ಆಟಿಸಂ ಇರುವ, ಓದಲು ಕಷ್ಟಪಡುವ, ಮಾತು ತಡವಾದ ಮಕ್ಕಳು ನನ್ನ ಪಾಲಿಗೆ ಬರುತ್ತಾರೆ. ಚಾರ್ಟರ್ ಅಂದರೆ ಏನು ಅಂತ ಊರಲ್ಲಿ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ದುಡ್ಡು ಸರ್ಕಾರದ್ದು, ಫೀಸ್ ಇಲ್ಲ, ಆದರೆ ನಡೆಸುವುದು ಸ್ಕೂಲಿನದೇ ಒಂದು ಮಂಡಳಿ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. ಮೊದಲು ಇಂಥ ಕಾನೂನು ತಂದದ್ದು ಮಿನೆಸೋಟ, 1991ರಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯಾ. ಅಪ್ಪ ಅಮ್ಮಂದಿರು ಬೇಕು ಅಂತಲೇ ಆರಿಸಿಕೊಂಡು ಬರುವ ಸ್ಕೂಲು ಇದು. ಹಾಗಾಗಿ ಹೇಗಿರಬೇಕು ಅನ್ನುವುದರ ಬಗ್ಗೆ ಪ್ರತಿ ಮನೆಯದೂ ಒಂದೊಂದು ಮಾತು.

ಆ ವರ್ಷ ಬಜೆಟ್‌ನಲ್ಲಿ ಒಂದೇ ಒಂದು ಹೊಸ ಹುದ್ದೆಗೆ ಜಾಗ ಇತ್ತು. ಜಗಳ ಹುಟ್ಟಿದ್ದೇ ಅಲ್ಲಿ. ಒಂದು ಗುಂಪಿಗೆ ಮ್ಯಾಂಡರಿನ್, ಅಂದರೆ ಚೀನೀ ಭಾಷೆಯ ಟೀಚರ್ ಬೇಕಿತ್ತು. ಇನ್ನೊಂದು ಗುಂಪಿನವರು ದಿನಕ್ಕೆ 40 ನಿಮಿಷ ಇದ್ದ ಸ್ಪ್ಯಾನಿಶ್ ಅರ್ಧ ದಿನಕ್ಕೆ ಏರಬೇಕು, ವಿಜ್ಞಾನವನ್ನೂ ಸ್ಪ್ಯಾನಿಶ್‌ನಲ್ಲೇ ಹೇಳಿಕೊಡಬೇಕು ಅಂದರು. ಇದನ್ನು ಇಲ್ಲಿ ಡ್ಯುಯಲ್ ಇಮ್ಮರ್ಶನ್ ಅನ್ನುತ್ತಾರೆ. ಹಿಂದೆ ಇದನ್ನು ಕೇಳಿ ಪಡೆಯುವುದು ಸುಲಭ ಇರಲಿಲ್ಲ. ಪಾಠವೆಲ್ಲ ಆದಷ್ಟೂ ಇಂಗ್ಲಿಷ್‌ನಲ್ಲೇ ಆಗಲಿ ಅಂತ 1998ರಲ್ಲಿ ಈ ರಾಜ್ಯದ ಜನ ವೋಟು ಹಾಕಿದ್ದರು. 2016ರಲ್ಲಿ ಮತ್ತೆ ಜನರೇ ವೋಟು ಹಾಕಿ ಅದನ್ನು ತೆಗೆದರು.

ಮೂರನೆಯ ಬೇಡಿಕೆ ನಮ್ಮದು. ಇನ್ನೊಬ್ಬ ಸ್ಪೆಷಲ್ ಎಜುಕೇಶನ್ ಟೀಚರ್ ಬಂದರೆ ನನ್ನ ಮಕ್ಕಳು ಎಲ್ಲರ ಜೊತೆಗೇ ಕೂತು ಕಲಿಯಬಹುದು, ಒಂದು ಕ್ಲಾಸಿಗೆ ಇಬ್ಬರು ಟೀಚರ್. ಸಾಧ್ಯವಿದ್ದಷ್ಟೂ ಈ ಮಕ್ಕಳು ಉಳಿದವರ ಜೊತೆಗೇ ಇರಬೇಕು ಅಂತ 1975ರಿಂದಲೂ ದೇಶದ ಕಾನೂನೇ ಹೇಳುತ್ತದೆ. ಅದರಿಂದ ಬೀಳುವ ಹೆಚ್ಚಿನ ಖರ್ಚಿಗಾಗಿ, ದೇಶದಲ್ಲಿ ಒಂದು ಮಗುವಿನ ಓದಿಗೆ ಆಗುವ ಸರಾಸರಿ ಖರ್ಚಿನ ನೂರಕ್ಕೆ 40ರಷ್ಟು ತಾನು ಕೊಡುತ್ತೇನೆ ಅಂತ ಕೇಂದ್ರ ಸರ್ಕಾರ ಆಗಲೇ ಮಾತು ಕೊಟ್ಟಿತ್ತು. ಇವತ್ತಿಗೂ ಬರುವುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ರಾಜ್ಯ ಮತ್ತು ಸ್ಕೂಲು ಹೊಂದಿಸಬೇಕು. ಹಾಗಾಗಿ ಸಭೆಯಲ್ಲಿ ಯಾರಾದರೂ ‘ನಿಮ್ಮ ಮಕ್ಕಳಿಗೇ ಎಲ್ಲಾ ದುಡ್ಡು ಹೋಗುತ್ತೆ’ ಅಂದಾಗ ಸಿಟ್ಟು ಬರುತ್ತದೆ ನಿಜ, ಆದರೆ ಆ ಮಾತು ಎಲ್ಲಿಂದ ಬಂತು ಅನ್ನುವುದೂ ಗೊತ್ತಿರುತ್ತದೆ.

ಒಬ್ಬ ತಂದೆ ಎದ್ದು ನಿಂತು ಹೇಳಿದರು, “ಒಂದು ಮಗು ಕಿರುಚಿದರೆ 24 ಮಕ್ಕಳ ಪಾಠ ನಿಲ್ಲುತ್ತೆ. ನನ್ನ ಮಗಳು ಮನೆಗೆ ಬಂದು ತಲೆನೋವು ಅಂತಾಳೆ.” ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಅವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಆ ಕ್ಲಾಸಿನಲ್ಲಿ ನಾನೂ ಇದ್ದೆ, ನನಗೂ ತಲೆನೋವು ಬಂದಿತ್ತು. ಒಬ್ಬರೇ ಟೀಚರ್ ಇದ್ದಾಗ ಹಾಗೇ ಆಗುವುದು, ಎರಡನೆಯವರನ್ನು ಕೇಳುತ್ತಿರುವುದೇ ಅದಕ್ಕೆ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಒಂಬತ್ತನೇ ಸ್ಲೈಡ್ ತೋರಿಸಿದೆ. ಅದರಲ್ಲಿ ಮಕ್ಕಳು ಕೈ ಕೈ ಹಿಡಿದ ಚಿತ್ರ, ಮೇಲೆ ‘ಎಲ್ಲರೂ ಒಟ್ಟಿಗೆ’ ಅಂತ ದೊಡ್ಡ ಅಕ್ಷರ.

ಆಮೇಲೆ ಪೋಷಕರ ಸರದಿ. ಒಬ್ಬೊಬ್ಬರಿಗೆ ಎರಡು ನಿಮಿಷ. ಮಂಡಳಿಯ ಅಧ್ಯಕ್ಷರು ಮೇಜಿನ ಮೇಲೆ ಫೋನ್ ಇಟ್ಟು ಟೈಮರ್ ಹಾಕುತ್ತಿದ್ದರು. ಬಾತುಕೋಳಿ ಕೂಗಿದಂಥ ಸದ್ದು ಅದರದ್ದು. ಕೊನೆಗೆ ಒಬ್ಬ ತಾಯಿ ಮೈಕ್ ಮುಂದೆ ಬಂದರು. ಕೆಲಸದಿಂದ ನೇರ ಬಂದಿದ್ದರು ಅಂತ ಕಾಣುತ್ತೆ, ಎದೆಯ ಮೇಲೆ ಇನ್ನೂ ಬ್ಯಾಡ್ಜ್ ಇತ್ತು. ಸ್ಪ್ಯಾನಿಶ್‌ನಲ್ಲಿ ಮಾತಾಡಿದರು. ನಮ್ಮ ಆಫೀಸಿನ ಸೆಕ್ರೆಟರಿ ಪಕ್ಕದಲ್ಲಿ ನಿಂತು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ಅವರ ಮಾತು ಇನ್ನೂ ಮಧ್ಯದಲ್ಲಿದ್ದಾಗಲೇ ಬಾತುಕೋಳಿ ಕೂಗಿತು.

ಅಧ್ಯಕ್ಷರು ಥ್ಯಾಂಕ್ಸ್ ಅಂದರು. ಸೆಕ್ರೆಟರಿ ಅಲುಗಾಡಲಿಲ್ಲ. “ಇವರಿಗೆ ನಾಲ್ಕು ನಿಮಿಷ” ಅಂದರು. ಭಾಷಾಂತರದ ಮೂಲಕ ಮಾತಾಡುವವರಿಗೆ ಎರಡರಷ್ಟು ಸಮಯ ಕೊಡಬೇಕು ಅಂತ ಇಲ್ಲಿನ ಸಾರ್ವಜನಿಕ ಸಭೆಗಳ ಕಾನೂನಿನಲ್ಲೇ ಇದೆ. ಮಂಡಳಿಯಲ್ಲಿ ಯಾರಿಗೂ ನೆನಪಿರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ. ಟೈಮರ್ ಮತ್ತೆ ಶುರುವಾಯಿತು.

ಆ ತಾಯಿ ಕೇಳಿದ್ದು ಇಷ್ಟೇ. “ನೀವೆಲ್ಲ ನಿಮ್ಮ ಮಕ್ಕಳಿಗೆ ಸ್ಪ್ಯಾನಿಶ್ ಇನ್ನೂ ಜಾಸ್ತಿ ಬೇಕು ಅಂತಿದ್ದೀರಿ. ನನ್ನ ಮಗ ಮನೇಲಿ ಅಜ್ಜಿ ಜೊತೆ ಮಾತಾಡೋದೇ ಸ್ಪ್ಯಾನಿಶ್. ಅವನಿಗೆ ಈಗಿರೋ 40 ನಿಮಿಷವೂ ಸಿಗ್ತಿಲ್ಲ. ಆ ಹೊತ್ತಿಗೆ ದಿನಾ ಅವನನ್ನ ಬೇರೆ ರೂಮಿಗೆ ಕರಕೊಂಡು ಹೋಗ್ತಾರೆ. ಯಾಕೆ?”

ಆ ಬೇರೆ ರೂಮು ನನ್ನದು. ಟೈಮ್‌ಟೇಬಲ್ ಬರೆದವಳೂ ನಾನೇ.

ಸಭೆಯಲ್ಲಿ ಉತ್ತರ ಸಿಗಲಿಲ್ಲ. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಮಂಡಳಿ ಅಲ್ಲೇ ಚರ್ಚೆ ಮಾಡುವ ಹಾಗಿಲ್ಲ, ಅದೂ ಕಾನೂನೇ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ಕಡೆ ನೋಡಿದೆ. ಒಂಬತ್ತನೇ ಸ್ಲೈಡ್ ಇನ್ನೂ ಗೋಡೆ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಏಳು ಗಂಟೆಗೇ ಹೋಗಿ ಪಟ್ಟಿ ತೆಗೆದೆ. ಇಲ್ಲಿ ಒಬ್ಬ ರಿಸೋರ್ಸ್ ಟೀಚರ್‌ಗೆ 28 ಮಕ್ಕಳವರೆಗೆ ಕೊಡಬಹುದು. ನನಗೆ 26 ಇದ್ದರು. ಹಳದಿ ಹೈಲೈಟರ್ ಹಿಡಿದು ಯಾರ್ಯಾರು ಸ್ಪ್ಯಾನಿಶ್ ಹೊತ್ತಿನಲ್ಲಿ ನನ್ನ ರೂಮಿನಲ್ಲಿರುತ್ತಾರೆ ಅಂತ ಗುರುತು ಹಾಕುತ್ತಾ ಬಂದೆ. 19 ಜನ. ಹಾಳೆಯಲ್ಲಿ ಬಿಳಿಗಿಂತ ಹಳದಿಯೇ ಜಾಸ್ತಿ ಕಂಡಿತು.

ಬೇಕಂತ ಮಾಡಿದ್ದಲ್ಲ. ಓದು ಮತ್ತು ಗಣಿತದ ಪೀರಿಯಡ್ ಮುಟ್ಟಬೇಡಿ ಅಂತ ಪ್ರಿನ್ಸಿಪಾಲ್ ಹೇಳಿದ್ದರು, ವರ್ಷದ ಕೊನೆಗೆ ರಾಜ್ಯದ ಪರೀಕ್ಷೆ ಇರುವುದು ಅದರಲ್ಲೇ. ಆಟದ ಪೀರಿಯಡ್ ತೆಗೆಯುವ ಹಾಗಿಲ್ಲ. ಊಟದ ಹೊತ್ತು ಮಗುವಿಗೆ ಬೇಕು. ಮ್ಯೂಸಿಕ್ ವಾರಕ್ಕೆ ಒಂದೇ ದಿನ. ಉಳಿದದ್ದು ಸ್ಪ್ಯಾನಿಶ್. ಪರೀಕ್ಷೆ ಇಲ್ಲ, ದಿನಾ ಅದೇ ಹೊತ್ತಿಗೆ ಬರುತ್ತದೆ. ಟೈಮ್‌ಟೇಬಲ್ ಮಾಡುವವರಿಗೆ ಅಂಥ ತೂತು ಕಂಡರೆ ಖುಷಿ. ಎರಡು ವರ್ಷದಿಂದ ನಾನು ಆ ತೂತಿಗೆ ಮಕ್ಕಳನ್ನು ತುಂಬುತ್ತಾ ಬಂದಿದ್ದೆ. ಭಾಷೆಯ ಜಗಳ ಬೇರೆ, ನಮ್ಮ ಜಗಳ ಬೇರೆ ಅಂದುಕೊಂಡಿದ್ದೆ. ಎರಡೂ ಇದ್ದದ್ದು ಅದೇ 40 ನಿಮಿಷದಲ್ಲಿ.

ಇನ್ನೊಂದು ಮಾತೂ ಒಪ್ಪಿಕೊಳ್ಳಬೇಕು. ಓದಲು ಕಷ್ಟಪಡುವ ಮಗುವಿಗೆ ಎರಡನೇ ಭಾಷೆ ಇಲ್ಲದಿದ್ದರೂ ನಡೆಯುತ್ತೆ ಅಂತ ಒಳಗೊಳಗೇ ನಾನೂ ನಂಬಿದ್ದೆ. ಗೊತ್ತಿದ್ದೂ ನಂಬಿದ್ದೆ, ಅದೇ ತಮಾಷೆ. ಎರಡು ಭಾಷೆ ಕೇಳಿಸಿಕೊಂಡರೆ ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಗುವಿನ ಮಾತು ಇನ್ನೂ ಹಿಂದೆ ಬೀಳುತ್ತೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಟ್ರೈನಿಂಗ್‌ನಲ್ಲೇ ಅದನ್ನು ಓದಿದ್ದೆ. ಇಲ್ಲಿನ ಕನ್ನಡದ ಮನೆಗಳಲ್ಲೂ ಇದನ್ನು ನೋಡಿದ್ದೇನೆ. ಗಣೇಶನ ಹಬ್ಬದಲ್ಲಿ ಸಿಕ್ಕ ಪರಿಚಯದವರೊಬ್ಬರು, “ಅಕ್ಕಾ, ಮಗು ಮಾತಾಡೋದು ಲೇಟಾಯ್ತು. ಒಂದೇ ಭಾಷೆ ಇಟ್ಕೊಳ್ಳಿ ಅಂತ ಯಾರೋ ಅಂದ್ರು. ಮನೇಲಿ ಕನ್ನಡ ಬಿಟ್ಟುಬಿಟ್ವಿ” ಅಂದಿದ್ದರು. ಊರಿಂದ ಬಂದ ಅಜ್ಜಿ ಮಗುವಿನ ಹತ್ತಿರ ಮಾತಾಡಲು ಇಂಗ್ಲಿಷ್ ಹುಡುಕುತ್ತಿದ್ದರು. ಅಯ್ಯೋ, ಹಾಗೆಲ್ಲ ಬಿಡಬೇಡಿ ಅಂತ ಅರ್ಧ ಗಂಟೆ ಪಾಠ ಹೇಳಿ ಕಳಿಸಿದ್ದೆ. ಸೋಮವಾರ ಬಂದು ಅದೇ ಟೈಮ್‌ಟೇಬಲ್ ನಡೆಸಿದ್ದೆ.

ಸರಿ ಮಾಡುವುದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಪ್ರತಿ ಮಗುವಿಗೂ ಐಇಪಿ ಅಂತ ಒಂದು ಯೋಜನೆ ಇರುತ್ತದೆ. ವಾರಕ್ಕೆ ಎಷ್ಟು ನಿಮಿಷ, ಕ್ಲಾಸಿನ ಒಳಗೋ ಹೊರಗೋ, ಎಲ್ಲ ಅದರಲ್ಲೇ. ಅದನ್ನು ಬದಲಿಸಬೇಕಾದರೆ ಮನೆಯವರ ಸಹಿ ಬೇಕು. ಒಂದೊಂದೇ ಮನೆಗೆ ಫೋನ್ ಮಾಡಿದೆ. ಮೂರು ಮನೆಯವರು ಬೇಡವೇ ಬೇಡ ಅಂದರು. “ಮೊದಲು ಇಂಗ್ಲಿಷ್ ಓದಲಿ ಟೀಚರ್, ಸ್ಪ್ಯಾನಿಶ್ ಆಮೇಲೆ.” ಅದು ಅವರ ಮಗು, ಅವರ ನಿರ್ಧಾರ. ಅವರನ್ನು ಒಪ್ಪಿಸಲು ಹೋಗಲಿಲ್ಲ.

ಉಳಿದವರಿಗಾಗಿ ನಾನೇ ಓದಿನ ಪೀರಿಯಡ್‌ಗೆ ಅವರ ಕ್ಲಾಸಿನೊಳಗೆ ಹೋಗಿ ಕೂರತೊಡಗಿದೆ. ಮೂರನೇ ಕ್ಲಾಸಿನ ಟೀಚರ್ ಮೊದಲ ವಾರವೇ ಕರೆದು, ನಿಮ್ಮ ದನಿ ಸ್ವಲ್ಪ ಜಾಸ್ತಿ ಆಯಿತು ಅಂದರು. ಹಾವೇರಿ ಕಡೆಯ ದನಿ, ಏನು ಮಾಡೋದು? ಪಿಸುಗುಟ್ಟಿ ಪಾಠ ಮಾಡುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಮೂಲೆಯಲ್ಲಿ ಒಂದು ಅರ್ಧಚಂದ್ರದ ಟೇಬಲ್ ಹಾಕಿಕೊಂಡೆವು. ಕೆಲವು ದಿನ ಆದ ಮೇಲೆ ನನ್ನ ಪಟ್ಟಿಯಲ್ಲಿಲ್ಲದ ಮಕ್ಕಳೂ ಅಲ್ಲಿಗೆ ಬಂದು ಕೂರತೊಡಗಿದರು. ಬರಬೇಡಿ ಅಂತ ನಾನೂ ಹೇಳಲಿಲ್ಲ.

ಹುದ್ದೆಯ ವಿಷಯವನ್ನು ಮಂಡಳಿ ಎರಡು ಸಭೆ ಮುಂದಕ್ಕೆ ಹಾಕಿತು. ಕೊನೆಗೆ ಅರ್ಧ ಹೊತ್ತಿನ ಸ್ಪೆಷಲ್ ಎಜುಕೇಶನ್ ಟೀಚರ್ ಬಂದರು. ಮ್ಯಾಂಡರಿನ್ ಸ್ಕೂಲು ಬಿಟ್ಟ ಮೇಲಿನ ಕ್ಲಾಸಾಯಿತು, ಅದಕ್ಕೆ ಫೀಸ್. ಸ್ಪ್ಯಾನಿಶ್ 40 ನಿಮಿಷವೇ ಉಳಿಯಿತು. ಪೂರ್ತಿ ಖುಷಿಯಾಗಿ ಮನೆಗೆ ಹೋದವರು ಯಾರೂ ಇಲ್ಲ.

19ರಲ್ಲಿ 11 ಮಕ್ಕಳು ಸ್ಪ್ಯಾನಿಶ್ ಕ್ಲಾಸಿಗೆ ಮರಳಿದರು, ಆ ತಾಯಿಯ ಮಗನೂ ಸೇರಿ. ಒಂದು ದಿನ ಹಿಂದೆ ನಿಂತು ನೋಡಿದೆ. ಟೀಚರ್ ಚಿತ್ರದ ಕಾರ್ಡು ಎತ್ತಿ ಹಿಡಿದಿದ್ದರು. ಜ್ಯೂಸ್ ಲೋಟದಲ್ಲಿ ಸ್ಟ್ರಾ. ಕಾರ್ಡಿನ ಹಿಂದೆ ಬರೆದಿದ್ದಂತೆ ‘ಪಹೀತಾ’ ಅಂದರು. ಇವನು ಕೈ ಎತ್ತದೆ, ಕೂತಲ್ಲಿಂದಲೇ, “ಪೊಪೋತೆ” ಅಂದ. ಮೆಕ್ಸಿಕೋದ ಮನೆಗಳಲ್ಲಿ ಸ್ಟ್ರಾಗೆ ಹಾಗೇ ಅನ್ನುವುದಂತೆ. ಟೀಚರ್ ನಕ್ಕು ಬೋರ್ಡಿನ ಮೇಲೆ ಎರಡನ್ನೂ ಬರೆದರು. ನನಗೆ ನಮ್ಮೂರಿನ ಸ್ಕೂಲು ನೆನಪಾಯಿತು. ಪುಸ್ತಕದಲ್ಲಿ ಆಲೂಗಡ್ಡೆ, ಮನೆಯಲ್ಲಿ ಬಟಾಟಿ. ನಾನು ಬಟಾಟಿ ಅಂದಾಗ ಬೋರ್ಡಿನ ಮೇಲೆ ಯಾರೂ ಬರೆದಿರಲಿಲ್ಲ.

ಬೇಡ ಅಂದ ಮೂವರನ್ನು ಬಿಟ್ಟರೆ ಇನ್ನೂ ಐವರು ಉಳಿದಿದ್ದಾರೆ. ಅವರಿಗೆ ಬೇಕಾದ ಪಾಠವನ್ನು ಗದ್ದಲದ ಕ್ಲಾಸಿನೊಳಗೆ ಕೊಡಲು ಆಗುವುದಿಲ್ಲ, ಹೊರಗೆ ಕರೆದುಕೊಂಡು ಹೋಗಲು ಬೇರೆ ಹೊತ್ತೂ ಇಲ್ಲ. ಸ್ಕೂಲು ಶುರುವಾಗುವ ಮುಂಚೆ ಬೆಳಿಗ್ಗೆ ಏಳೂಮುಕ್ಕಾಲಿಗೆ ಬರಲು ಆಗುತ್ತಾ ಅಂತ ಮನೆಗಳಿಗೆ ಕೇಳಿದ್ದೇನೆ. ಇಬ್ಬರು ಹೂಂ ಅಂದಿದ್ದಾರೆ. ಉಳಿದ ಮೂವರು ಬರುವುದು ಸ್ಕೂಲ್ ಬಸ್ಸಿನಲ್ಲಿ, ಅದು ಸ್ಕೂಲು ಮುಟ್ಟುವುದು ಎಂಟೂ ಇಪ್ಪತ್ತಕ್ಕೆ.