ಮೊದಲು ಚಂದ್ರ, ಆಮೇಲೆ ರಜೆ

ಈ ಸಲ ನಾನು ರಜೆ ನೋಡಿ ಪ್ರವಾಸದ ದಿನ ಹುಡುಕುತ್ತಿಲ್ಲ. ಮೊದಲು ಹುಣ್ಣಿಮೆ ಯಾವತ್ತು ಅಂತ ನೋಡಿ, ಆಮೇಲೆ ರಜೆ ಕೇಳುತ್ತೇನೆ. ಕಾರಣ ಇದೆ. ಹೋದ ಸಲ ಹಕ್ಕಿ ಫೋಟೋ ತೆಗೆಯಲು ಒಂದು ಬೆಚ್ಚಗಿನ ಕಡಲತೀರಕ್ಕೆ ಹೋಗಿ ನಾಲ್ಕು ದಿನ ಬರೀ ಚುಕ್ಕಿಯಷ್ಟೇ ಕಾಣುವ ಹಕ್ಕಿಗಳ ಫೋಟೋ ತೆಗೆದುಕೊಂಡು ಬಂದೆ. ಬೆಳಗ್ಗೆ ಐದೂವರೆಗೇ ಎದ್ದಿದ್ದೆ, ಬೆಳಕು ಚೆನ್ನಾಗಿತ್ತು, ಹಕ್ಕಿಗಳೂ ರಾಶಿ ರಾಶಿ ಇದ್ದವು. ಆದರೆ ಇದ್ದದ್ದು ಅರ್ಧ ಕಿಲೋಮೀಟರ್ ಆಚೆ, ನೀರು ಇಳಿದುಹೋದ ಕೆಸರಿನ ಆ ತುದಿಯಲ್ಲಿ. ಹತ್ತಿರ ಹೋಗೋಣ ಅಂತ ಹೆಜ್ಜೆ ಇಟ್ಟರೆ ಕಾಲು ಮೊಣಕಾಲವರೆಗೆ ಹೂತುಹೋಯಿತು. ಮಧ್ಯಾಹ್ನ ನೀರು ಏರಿ ಅದೇ ಹಕ್ಕಿಗಳು ದಡದ ಹತ್ತಿರ ಬಂದಾಗ ನಾನು ರೂಮಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ.

ಕೆಸರಿನಲ್ಲಿ ಮೇಯುವ ಸ್ಯಾಂಡ್‌ಪೈಪರ್, ಪ್ಲೋವರ್, ಕರ್ಲ್ಯೂ ಇವುಗಳಿಗೆ ಗಡಿಯಾರ ಅಂದರೆ ಉಬ್ಬರ ಇಳಿತ. ನೀರು ಇಳಿದಾಗ ದೂರ ದೂರ ಚದುರುತ್ತವೆ. ಏರುವಾಗ ಮೇಯುವ ಜಾಗ ಕಿರಿದಾಗುತ್ತಾ ಬರುತ್ತದೆ, ಅವು ನೀರಿನ ಅಂಚಿನ ಜೊತೆಗೇ ದಡದ ಕಡೆ ಬರುತ್ತವೆ. ನಾವು ಬೆನ್ನಟ್ಟಬೇಕಾಗಿಲ್ಲ, ಮುಂಚೆಯೇ ಹೋಗಿ ನೆಲಕ್ಕೆ ಅಂಟಿ ಕೂತರೆ ಸಾಕು. ಪೂರ್ತಿ ಉಬ್ಬರ ಬಂದ ಮೇಲೆ ಮಾತ್ರ ಆ ಜಾಗ ಖಾಲಿ. ಆಗ ಎಲ್ಲವೂ ಉಪ್ಪಿನಾಗರಕ್ಕೋ ಎತ್ತರದ ಮರಳ ದಿಬ್ಬಕ್ಕೋ ಹಾರಿ ಒಂಟಿಕಾಲಲ್ಲಿ ನಿದ್ದೆ ಮಾಡುತ್ತವೆ.

ಈಗ ಲೆಕ್ಕ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಪ್ರತಿ ದಿನ ಸುಮಾರು 50 ನಿಮಿಷ ತಡ. ನನಗೆ ಗೊತ್ತಿಲ್ಲದಿದ್ದ ಸಂಗತಿ ಏನಂದ್ರೆ, ಒಂದೇ ಜಾಗದಲ್ಲಿ ಪ್ರತಿ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬರುತ್ತದೆ. ನಾನು ಹೋಗುವ ಕಡೆ ಅದು ಮಧ್ಯಾಹ್ನ 12ರ ಆಸುಪಾಸು. ಹಾಗಾದರೆ ನಾಲ್ಕು ದಿನ ಮುಂಚೆ ಹೋದರೆ ಬೆಳಗ್ಗೆ 9ರ ಹೊತ್ತಿಗೆ. ಅಂದರೆ ಆರೂವರೆಯಿಂದ ಒಂಬತ್ತರವರೆಗೆ ನೀರು ಏರುತ್ತಾ ಇರುತ್ತದೆ, ಬೆಳಕೂ ಮೆತ್ತಗಿರುತ್ತದೆ. ಇಷ್ಟು ಗೊತ್ತಾದ ಮೇಲೆ ಟಿಕೆಟ್ ದಿನ ತಾನಾಗೇ ಬಿತ್ತು. ಹೋದ ಸಲ ಸರಿಯಾಗಿ ಹುಣ್ಣಿಮೆಗೇ ಹೋಗಿದ್ದೆ, ಚಂದ್ರ ಚೆನ್ನಾಗಿ ಕಾಣುತ್ತೆ ಅಂತ!

ಇನ್ನೊಂದು, ತೀರ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದು. ಪಶ್ಚಿಮಕ್ಕೆ ಸಮುದ್ರ ಇದ್ದರೆ ಬೆಳಗ್ಗೆ ಸೂರ್ಯ ಬೆನ್ನ ಹಿಂದೆ, ಹಕ್ಕಿಯ ಕಣ್ಣಲ್ಲಿ ಮಿಂಚು ಸಿಗುತ್ತದೆ. ಸಂಜೆ ಎಲ್ಲ ಕಪ್ಪು ನೆರಳು. ಪೂರ್ವದ ತೀರದಲ್ಲಿ ಇದು ಪೂರ್ತಿ ತಿರುಗುಮುರುಗು. ಮ್ಯಾಪ್ ತೆಗೆದರೆ ಒಂದು ನಿಮಿಷದ ಕೆಲಸ.

ತಿಂಗಳ ಬಗ್ಗೆ ಗೆಳೆಯರ ಜೊತೆ ಜಗಳವೇ ಆಯಿತು. ಎಲ್ಲರೂ ಜನವರಿ ಅಂತಾರೆ, ಸೆಕೆ ಕಡಿಮೆ ಅಂತ. ನಾನು ಮಾರ್ಚ್ ಕೊನೆ, ಏಪ್ರಿಲ್ ಮೊದಲು ಅಂತೀನಿ. ಚಳಿಗಾಲದಲ್ಲಿ ಈ ವಲಸೆ ಹಕ್ಕಿಗಳೆಲ್ಲ ಬೂದು ಬಣ್ಣ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕುವಷ್ಟರಲ್ಲಿ ಹಾರಿರುತ್ತವೆ. ಉತ್ತರಕ್ಕೆ ಹೊರಡುವ ಮುಂಚೆ ಗೂಡಿನ ಕಾಲದ ಬಣ್ಣ ಹಾಕಿಕೊಳ್ಳುತ್ತವೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಇಟ್ಟಿಗೆ ಕೆಂಪಾಗುವುದನ್ನು ಒಮ್ಮೆ ನೋಡಿದರೆ ಜನವರಿ ನೆನಪಾಗುವುದಿಲ್ಲ. ಬೆಲೆ ಅಂದರೆ ಬಿಸಿಲು. ಹೊತ್ತೇರಿದಂತೆ ಕಾದ ಮರಳಿನ ಮೇಲೆ ಗಾಳಿ ಅಲುಗುತ್ತದೆ, ದೂರದ ಹಕ್ಕಿ ನೀರಿನಡಿ ಇದ್ದಂತೆ ಕಾಣುತ್ತದೆ. ಅದಕ್ಕೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಮದ್ದಿಲ್ಲ. ಹತ್ತಿರದ ಹಕ್ಕಿ ಸಿಕ್ಕರೆ ಸರಿ, ಇಲ್ಲದಿದ್ದರೆ ಕ್ಯಾಮೆರಾ ಒಳಗಿಡಿ.

ಲೆನ್ಸ್ ವಿಷಯ ಬಂತಲ್ಲ. ಎಸಿ ರೂಮಿಂದ ನೇರವಾಗಿ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಮತ್ತು ಅದು ಸರಿಯಾಗಿ ಒಳ್ಳೆ ಬೆಳಕಿನ ಹೊತ್ತಲ್ಲೇ ಆಗುತ್ತದೆ. ನಾನು ಎಸಿ ಆರಿಸಿಯೇ ಮಲಗುತ್ತೇನೆ. ಅದು ಆಗದಿದ್ದರೆ ಅರ್ಧ ಗಂಟೆ ಮುಂಚೆ ಬ್ಯಾಗನ್ನು ಮುಚ್ಚಿದಂತೆಯೇ ಹೊರಗಿಡಿ, ಒಳಗಿನದು ನಿಧಾನವಾಗಿ ಬೆಚ್ಚಗಾಗಲಿ. ವಾಪಸ್ ಬಂದ ಮೇಲೆ ಕ್ಯಾಮೆರಾ ಮೈಯನ್ನು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗೀರುತ್ತದೆ.

ಸೆಟ್ಟಿಂಗ್ ಬಗ್ಗೆ ಹೆಚ್ಚೇನಿಲ್ಲ. ಶಟರ್ ವೇಗ ಓಡುವ ಸ್ಯಾಂಡ್‌ಪೈಪರ್‌ಗೆ 1/2000 ಸೆಕೆಂಡು, ನೀರಿಗೆ ಧುಮುಕುವ ರೀವಕ್ಕೆ (ಟರ್ನ್ ಹಕ್ಕಿ) 1/3200. ಕಪ್ಪು ಕೆಸರಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಪುಕ್ಕ ಸುಣ್ಣ ಬಳಿದಂತೆ ಬರುತ್ತದೆ.

ಒಂದು ವಿಷಯಕ್ಕೆ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಹಾರುವ ಫೋಟೋ ಬೇಕು ಅಂತ ಕೂತ ಗುಂಪನ್ನು ಎಬ್ಬಿಸುವವರ ಜೊತೆ ನಾನು ಹೋಗುವುದಿಲ್ಲ. 2022ರಲ್ಲಿ ಬಾರ್ ಟೇಲ್ಡ್ ಗಾಡ್‌ವಿಟ್ ಅನ್ನೋ ಒಂದು ವಲಸೆ ಹಕ್ಕಿ, ಅದೂ ಆ ವರ್ಷವಷ್ಟೇ ಹುಟ್ಟಿದ ಮರಿ, ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು, 11 ದಿನ. ಅಂಥ ಹಾರಾಟಕ್ಕೆ ಇಂಧನ ಅಂದರೆ ಕೆಸರಲ್ಲಿ ಮೇದು ಮೈಗೆ ಹಚ್ಚಿಕೊಂಡ ಕೊಬ್ಬು. ನಾನು ಹೋಗುವ ತಿಂಗಳಲ್ಲಿ ಎಲ್ಲವೂ ಅದೇ ಕೊಬ್ಬು ಕೂಡಿಸುವ ಗಡಿಬಿಡಿಯಲ್ಲಿರುತ್ತವೆ. ನಾಲ್ಕು ಸಲ ಎಬ್ಬಿಸಿದರೆ ನಮಗೆ ನಾಲ್ಕು ಫ್ರೇಮ್, ಅವುಕ್ಕೆ ಅಷ್ಟು ಹೊತ್ತಿನ ಊಟ ನಷ್ಟ. ಮರಳಲ್ಲಿ ಮೊಟ್ಟೆ ಇಟ್ಟ ರೀವದ ಹತ್ತಿರವಂತೂ ಹೋಗಲೇಬೇಡಿ, ತಾಯಿ ಎದ್ದರೆ ಆ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತದೆ.

ಟ್ರೈಪಾಡ್ ಒಯ್ಯಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಹೊಟ್ಟೆ ಮೇಲೆ ಮಲಗಿ ತೆಗೆಯುವವನಿಗೆ ಅದು ಸುಮ್ನೆ ಭಾರ ಅನ್ನಿಸುತ್ತದೆ. ಒಂದು ಅಕ್ಕಿಚೀಲದಷ್ಟು ಗಟ್ಟಿ ಬಟ್ಟೆಯ ಖಾಲಿ ಚೀಲ ಹೊಲಿಸಿದ್ದೇನೆ, ಅಲ್ಲೇ ಹೋಗಿ ಮರಳು ತುಂಬಿ ಅದರ ಮೇಲೆ ಲೆನ್ಸ್ ಇಡೋಣ ಅಂತ.